ಇಳಿದ ತೂಕವೇ ಗೆಲುವಲ್ಲ

ತೂಕ ಇಳಿಸುವ ಬೇರಿಯಾಟ್ರಿಕ್ ಸರ್ಜರಿಯ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಎರಡು ಫೋಟೋ ಇರುತ್ತವೆ. ಎಡಗಡೆಯದು ಆಪರೇಷನ್ನಿಗೆ ಮುಂಚಿನದು, ಬಲಗಡೆಯದು ಆಮೇಲಿನದು. ಎಡಗಡೆಯ ಮುಖದಲ್ಲಿ ನಗುವಿಲ್ಲ. ಬಲಗಡೆಯವರು ತಮ್ಮ ಹಳೆಯ ಪ್ಯಾಂಟು ತೊಟ್ಟು, ಅದರ ಸೊಂಟವನ್ನು ಗೇಣುದ್ದ ಮುಂದಕ್ಕೆ ಎಳೆದು ಹಿಡಿದು ನಗುತ್ತಿರುತ್ತಾರೆ. ಕೆಳಗೆ ಎಷ್ಟು ಕಿಲೋ ಇಳಿಯಿತು ಎಂಬ ಅಂಕಿ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡಿಗರು ಈ ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನೋಡಿ ಒಂದು ನಂಬಿಕೆಯನ್ನು ಗಟ್ಟಿ ಮಾಡಿಕೊಂಡಿದ್ದಾರೆ: ಆಪರೇಷನ್ ಆಯಿತು, ತೂಕ ಇಳಿಯಿತು, ಕೆಲಸ ಮುಗಿಯಿತು. ಅದಾದ ಮೇಲೂ ಯಾರಾದರೂ ಸುಸ್ತು ಎಂದರೆ, ಕಾರಣವಿಲ್ಲದೆ ಅತ್ತರೆ, ಎರಡು ವರ್ಷದ ಮೇಲೆ ಮತ್ತೆ ದಪ್ಪಗಾದರೆ, ಅದು ಅವರದೇ ತಪ್ಪು. ನಾಲಿಗೆ ಹಿಡಿತದಲ್ಲಿಲ್ಲ, ಮನಸ್ಸು ಗಟ್ಟಿಯಿಲ್ಲ.

ಈ ನಂಬಿಕೆ ತಪ್ಪು, ಮತ್ತು ಇದರಿಂದ ಜನ ಕಾಯಿಲೆ ಬೀಳುತ್ತಿದ್ದಾರೆ ಎಂಬುದು ನನ್ನ ವಾದ. ಬಲಗಡೆಯ ಆ ಫೋಟೋ ಯಾವಾಗ ತೆಗೆದದ್ದು ಎಂದು ಯಾರೂ ಕೇಳುವುದಿಲ್ಲ. ಈ ಶಸ್ತ್ರಕ್ರಿಯೆಯ ನಂತರ ತೂಕ ಅತಿ ಕೆಳಕ್ಕೆ ಮುಟ್ಟುವುದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷದೊಳಗೆ. ಫೋಟೋ ಆ ಹೊತ್ತಿನದು. ದೇಹದಲ್ಲಿ ಕೂಡಿಟ್ಟ ಬಿ12 ವಿಟಮಿನ್ ಬತ್ತುವುದು, ಕುಡಿತ ಅಂಟಿಕೊಳ್ಳುವುದು, ಹೊಗಳುವವರು ಹೊಗಳಿ ಸುಸ್ತಾದ ಮೇಲೆ ಮನಸ್ಸು ಕುಸಿಯುವುದು, ತೂಕ ಮೆಲ್ಲಗೆ ಮರಳುವುದು, ಇವೆಲ್ಲ ಹೆಚ್ಚಾಗಿ ಆಮೇಲಿನ ಕಥೆ. 1987ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಬಗೆಯ ಆಪರೇಷನ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ಶೇ. 32ರಷ್ಟು ತೂಕ ಕಳೆದುಕೊಂಡಿದ್ದರು. ಹತ್ತು ವರ್ಷದ ಹೊತ್ತಿಗೆ ಅದು ಶೇ. 25ಕ್ಕೆ ಬಂದಿತ್ತು. ಅಂದರೆ ಒಂದಿಷ್ಟು ತೂಕ ಮರಳುವುದು ಈ ಚಿಕಿತ್ಸೆಯ ಸಹಜ ಗತಿ. ಅದನ್ನು ನಾವು ನಡತೆಯ ದೋಷ ಎಂದು ಓದುತ್ತಿದ್ದೇವೆ.

ನಮ್ಮ ಕಣ್ಣು ಕಿಲೋಗಳ ಮೇಲೆಯೇ ನೆಟ್ಟಿರುತ್ತದೆ ಎಂಬುದಕ್ಕೆ ಮುಂಬಯಿಯೇ ದೊಡ್ಡ ಸಾಕ್ಷಿ. 2017ರ ಫೆಬ್ರವರಿಯಲ್ಲಿ ಈಜಿಪ್ಟಿನ ಇಮಾನ್ ಅಹ್ಮದ್ ಎಂಬ ಹೆಣ್ಣುಮಗಳನ್ನು ಸರಕು ವಿಮಾನದಲ್ಲಿ ಕರೆತಂದು, ಕ್ರೇನಿನಿಂದ ಎತ್ತಿ ಚರ್ನಿರೋಡಿನ ಸೈಫೀ ಆಸ್ಪತ್ರೆಗೆ ಸೇರಿಸಿದರು. ಸುಮಾರು ಐನೂರು ಕಿಲೋ ಎಂದು ವರದಿಯಾಗಿತ್ತು. ಮಾರ್ಚಿನಲ್ಲಿ ಶಸ್ತ್ರಕ್ರಿಯೆಯಾಯಿತು. ಅಲ್ಲಿಂದ ಮುಂದೆ ಪತ್ರಿಕೆ, ಟಿವಿಗಳು ಇಂದು ಇಷ್ಟು ಇಳಿಯಿತು, ನಾಳೆ ಇಷ್ಟು ಇಳಿಯಲಿದೆ ಎಂದು ಲೆಕ್ಕ ಒಪ್ಪಿಸಿದವು. ಮೇ ತಿಂಗಳಲ್ಲಿ ಅವರನ್ನು ಅಬುಧಾಬಿಗೆ ಒಯ್ದರು. ಸೆಪ್ಟೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅವರ ಸಾವಿಗೆ ಯಾರನ್ನಾದರೂ ಹೊಣೆ ಮಾಡುವುದು ನನ್ನ ಉದ್ದೇಶವಲ್ಲ; ಅವರ ರೋಗ ಜಟಿಲವಾಗಿತ್ತು. ನಾನು ಹೇಳುವುದು ನೋಡುವವರಾದ ನಮ್ಮ ಬಗ್ಗೆ. ಅಷ್ಟು ತಿಂಗಳು ಆಕೆಯ ತೂಕವನ್ನು ಬಾಯಿಪಾಠ ಹೇಳಿದ ಊರಿನಲ್ಲಿ ಆಕೆಗೆ ನಿದ್ದೆ ಬರುತ್ತಿತ್ತೇ, ಆಕೆ ಏನು ಬಯಸುತ್ತಿದ್ದಳು ಎಂದು ಕೇಳಿದವರು ಕಡಿಮೆ.

ಇದನ್ನು ಆಪರೇಷನ್ನಿನ ವಿರುದ್ಧದ ಬರಹ ಎಂದು ಯಾರೂ ಓದಬಾರದು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಕಾಸ್ಮೆಟಿಕ್ ಶಸ್ತ್ರಕ್ರಿಯೆಯ ನಂತರ ತೀರಿಕೊಂಡಾಗ ಎಷ್ಟೋ ಕನ್ನಡ ಮನೆಗಳಲ್ಲಿ ತೂಕದ ಆಪರೇಷನ್ ಎಂದರೆ ಜೀವಕ್ಕೆ ಅಪಾಯ ಎಂಬ ಮಾತು ಹಬ್ಬಿತು. ಅದು ಬೇರೆ, ಇದು ಬೇರೆ. ಅಲ್ಲಿ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬು. ಇಲ್ಲಿ ಬದಲಾಯಿಸುವುದು ಜಠರ ಮತ್ತು ಕರುಳು. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಅಲ್ಲಿಂದಲೇ ಬರುವುದರಿಂದ ಹಸಿವೂ ತಗ್ಗುತ್ತದೆ. ಬೈಪಾಸಿನಲ್ಲಿ ಪುಟ್ಟ ಜಠರವನ್ನು ಮಾಡಿ, ಸಣ್ಣಕರುಳಿನ ಮೊದಲ ಭಾಗವನ್ನು ದಾಟಿಸಿ, ಮುಂದಿನ ಭಾಗಕ್ಕೆ ಹೊಲಿಯುತ್ತಾರೆ. ತೀವ್ರ ಬೊಜ್ಜು, ಹಿಡಿತಕ್ಕೆ ಸಿಗದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಇದು ಜೀವ ಉಳಿಸುವ ಚಿಕಿತ್ಸೆ. ಇದನ್ನು ಸೋಮಾರಿಗಳ ಅಡ್ಡದಾರಿ ಎಂದು ಜರೆಯುವವರ ಜೊತೆ ನಾನಿಲ್ಲ.

ಅಮೆರಿಕದ ಯೂಟಾದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆದ 7,925 ಮಂದಿಯನ್ನು, ಅಷ್ಟೇ ಸಂಖ್ಯೆಯ ಆಪರೇಷನ್ ಆಗದ ಬೊಜ್ಜಿನವರ ಜೊತೆ ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರಲ್ಲಿ ಒಟ್ಟು ಸಾವು ಶೇ. 40ರಷ್ಟು ಕಡಿಮೆ, ಸಕ್ಕರೆ ಕಾಯಿಲೆಯ ಸಾವು ಶೇ. 92ರಷ್ಟು ಕಡಿಮೆ. ಆಪರೇಷನ್ನಿನ ಪರವಾಗಿ ಮಾತಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ: ಅಪಘಾತ, ಆತ್ಮಹತ್ಯೆಯಂಥ, ರೋಗವಲ್ಲದ ಕಾರಣಗಳ ಸಾವು ಆಪರೇಷನ್ ಆದವರಲ್ಲಿ ಶೇ. 58ರಷ್ಟು ಹೆಚ್ಚು. ಕೆನಡಾದ ಒಂಟಾರಿಯೊದಲ್ಲಿ 8,815 ಮಂದಿಯನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೂ, ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ವಿಭಾಗಕ್ಕೆ ಬರುವ ಪ್ರಮಾಣ ಆಪರೇಷನ್ನಿನ ನಂತರದ ಮೂರು ವರ್ಷಗಳಲ್ಲಿ ಸುಮಾರು ಒಂದೂವರೆ ಪಟ್ಟಾಯಿತು ಎಂದು ತೋರಿಸಿತು. ಇಂಥವರ ಸಂಖ್ಯೆ ಸಣ್ಣದು, ಸಾವಿರ ಮಂದಿಗೆ ವರ್ಷಕ್ಕೆ ಮೂರ್ನಾಲ್ಕು ಪ್ರಸಂಗ. ಹೆದರಿ ಆಪರೇಷನ್ ಬಿಡುವಷ್ಟು ದೊಡ್ಡದಲ್ಲ. ಆದರೆ ಕಂಡೂ ಕಾಣದಂತೆ ಇರುವಷ್ಟು ಚಿಕ್ಕದೂ ಅಲ್ಲ. ಕುಡಿತದ ಮಾತೂ ಹೀಗೆಯೇ. ಅಮೆರಿಕದ ಹತ್ತು ಆಸ್ಪತ್ರೆಗಳಿಂದ ಬಂದ, 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮದ್ಯದ ಚಟ ಇದ್ದವರು ಆಪರೇಷನ್ನಿಗೆ ಮುಂಚೆ ಶೇ. 7.6, ಮೊದಲ ವರ್ಷ ಹೆಚ್ಚುಕಡಿಮೆ ಅಷ್ಟೇ, ಎರಡನೆಯ ವರ್ಷ ಶೇ. 9.6. ಬೈಪಾಸ್ ಆದವರ ರಕ್ತಕ್ಕೆ ಮದ್ಯ ಬೇಗ ಏರುತ್ತದೆ, ಹೆಚ್ಚು ಏರುತ್ತದೆ. ಹೋಟೆಲ್ ಉದ್ಯಮದಲ್ಲಿರುವ ನಮ್ಮವರ ಊಟ ಶಟರ್ ಎಳೆದ ಮೇಲೆ, ನಡುರಾತ್ರಿಯಲ್ಲಿ, ಬಹಳ ಸಲ ಗ್ಲಾಸಿನ ಜೊತೆಗೇ ಆಗುತ್ತದೆ. ಅವರಿಗೆ ಈ ಮಾತನ್ನು ಬಿಡಿಸಿ ಹೇಳುವವರು ಬೇಕು.

ಈಗ ಅಡುಗೆಮನೆಗೆ ಬರುತ್ತೇನೆ. ವಿಷಯದ ಅರ್ಧ ಭಾಗ ಅಲ್ಲೇ ಇದೆ.

ಆಪರೇಷನ್ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎನ್ನುತ್ತಾರೆ. ಕಾಗದದ ಮೇಲೆ ಅದು ಒಂದು ಅಂಕಿ. ಒಂದು ಇಡ್ಲಿಯಲ್ಲಿ ಎರಡು ಗ್ರಾಂ ಇದ್ದರೆ ಹೆಚ್ಚು. ಮೊಟ್ಟೆಯೊಂದರಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು. ನಾವು ಅನ್ನಕ್ಕೆ ಸುರಿದುಕೊಳ್ಳುವ ತಿಳಿಸಾರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹೊಸ ಜಠರ ಹಿಡಿಸುವುದು ಮೊದಮೊದಲು ಅರ್ಧ ಲೋಟದಷ್ಟು. ಇಡ್ಲಿಯಿಂದಲೇ 60 ಗ್ರಾಂ ತುಂಬಿಸಬೇಕಾದರೆ ಮೂವತ್ತು ಇಡ್ಲಿ ಬೇಕು. ಅರ್ಧ ಇಡ್ಲಿಗೇ ಎದೆ ಕಟ್ಟುವ ಮನುಷ್ಯನ ಮುಂದೆ ಈ ಲೆಕ್ಕ ಇಡಿ. ನಮ್ಮ ಬೆಳಗು ಶುರುವಾಗುವುದು ಇಡ್ಲಿ, ದೋಸೆ, ಉಪ್ಪಿಟ್ಟು, ಅವಲಕ್ಕಿಯಿಂದ. ಊಟವೂ ಅನ್ನದಿಂದಲೇ ಶುರು. ಆಪರೇಷನ್ ಆದವರು ಇದನ್ನು ತಲೆಕೆಳಗು ಮಾಡಬೇಕು: ಮೊದಲು ಮೀನೋ ಮೊಟ್ಟೆಯೋ ಕಾಳೋ ಪನೀರೋ, ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ತುತ್ತು ಅನ್ನ. ಊಟದ ನಡುವೆ ನೀರು, ಮಜ್ಜಿಗೆ ಕುಡಿಯುವ ಹಾಗಿಲ್ಲ. ಅರ್ಧ ಗಂಟೆ ಬಿಟ್ಟು ಕುಡಿಯಬೇಕು.

ಇದನ್ನು ಮಾಡಲು ಆಗುತ್ತದೆ. ಆದರೆ ಕೈಗೆ ಕೊಡುವ ಡಯಟ್ ಚಾರ್ಟು ಎಂಥದ್ದು? ನಾನು ನೋಡಿದ ಚಾರ್ಟುಗಳಲ್ಲಿ ಗ್ರೀಕ್ ಯೋಗರ್ಟ್, ಟೋಫು, ಬ್ರೊಕೋಲಿ ಸೂಪ್, ಡಬ್ಬದ ವೇ ಪ್ರೋಟೀನ್ ಇವೆ. ಇಂಗ್ಲಿಷಿನಲ್ಲಿವೆ. ಡೊಂಬಿವಲಿ ಪೂರ್ವದ ಮನೆಯೊಂದರಲ್ಲಿ ಅಂಥ ಹಾಳೆಯೊಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಅಡುಗೆ ಮಾಡುವ ಅತ್ತೆಗೆ ಅದನ್ನು ಓದಲು ಬಾರದು. ಸೊಸೆ ಆಪರೇಷನ್ ಆದವಳು, ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ಮರಳುವವಳು. ಅತ್ತೆ ಮಮತೆಯಿಂದಲೇ ಗಂಜಿ, ತಿಳಿಸಾರು, ಮೆತ್ತಗಿನ ಅನ್ನ ಮಾಡಿಡುತ್ತಿದ್ದರು. ಕಾಯಿಲೆಯವರಿಗೆ ಕೊಡುವುದು ಅದನ್ನೇ ಎಂದು ಅವರು ಕಲಿತದ್ದು. ಆ ಮನೆಯ ಡಬ್ಬದಲ್ಲಿ ಹುರುಳಿ ಇತ್ತು, ಹೆಸರುಕಾಳು ಇತ್ತು. ಸಂಜೆ ಸ್ಟೇಷನ್ ಹೊರಗೆ ಬೂತಾಯಿ, ಬಂಗುಡೆ ಮೀನು ಸಿಗುತ್ತಿತ್ತು. ನೂರು ಗ್ರಾಂ ಬೂತಾಯಿಯಲ್ಲಿ ಇಪ್ಪತ್ತು ಗ್ರಾಂ ಪ್ರೋಟೀನ್ ಇದೆ. ಈ ಹೆಸರುಗಳನ್ನು ಯಾರೂ ಕನ್ನಡದಲ್ಲಿ ಬರೆದುಕೊಟ್ಟಿರಲಿಲ್ಲ. ಸೊಸೆಯ ಕೂದಲು ಹಿಡಿಹಿಡಿಯಾಗಿ ಉದುರಿದಾಗ ಅತ್ತೆ ತಲೆಗೆ ಹಚ್ಚುವ ಎಣ್ಣೆಯನ್ನು ಬದಲಾಯಿಸಿದರು.

ಪಥ್ಯದ ವಿಷಯದಲ್ಲಿ ನಮ್ಮ ಇನ್ನೊಂದು ರೂಢಿ ಉಪವಾಸ. ಮಹಾರಾಷ್ಟ್ರಕ್ಕೆ ಬಂದು ನೆಲೆಸಿದ ನಮ್ಮವರು ಏಕಾದಶಿಯ ಜೊತೆಗೆ ಸಂಕಷ್ಟಿಯನ್ನೂ ಹಿಡಿದುಕೊಂಡಿದ್ದಾರೆ. ಅಂಗಾರಕಿ ಸಂಕಷ್ಟಿ ಬಂದರೆ ಕಲ್ಯಾಣದಾಚೆಯ ಟಿಟ್ವಾಳದ ಗಣಪತಿಗೆ ಸಾಲು ನಿಲ್ಲುತ್ತಾರೆ. ದಿನವಿಡೀ ಉಪವಾಸ, ನಡುವೆ ಸಾಬುದಾಣೆ ಖಿಚಡಿ. ಸಾಬುದಾಣೆ ಹೆಚ್ಚುಕಡಿಮೆ ಬರೀ ಪಿಷ್ಟ. ಶೇಂಗಾ ಪುಡಿ ಕೈತುಂಬ ಹಾಕಿದರೂ ದಿನದ ಲೆಕ್ಕ ತುಂಬುವುದಿಲ್ಲ. ದೇವರ ಹೆಸರಿನಲ್ಲಿ ಮಾಡುವುದನ್ನು ಡಾಕ್ಟರರ ಹತ್ತಿರ ಹೇಳಬೇಕು ಎಂದು ಅನ್ನಿಸುವುದಿಲ್ಲ, ಡಾಕ್ಟರರೂ ಕೇಳುವುದಿಲ್ಲ.

ವಿಟಮಿನ್ನುಗಳ ಮಾತು ಇನ್ನೂ ಗಂಭೀರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗುವ ಮೊದಲೇ ಎಷ್ಟೋ ಹೆಂಗಸರ ಕಬ್ಬಿಣಾಂಶ ತಳ ಕಂಡಿರುತ್ತದೆ. ಕಬ್ಬಿಣಾಂಶ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಬೈಪಾಸಿನಲ್ಲಿ ದಾಟಿಸುವುದು ಅದನ್ನೇ. ಬಿ12 ಹೀರಿಕೆಗೆ ಜಠರದಲ್ಲಿ ತಯಾರಾಗುವ ಒಂದು ವಸ್ತು ಬೇಕು. ಜಠರವೇ ಕಿರಿದಾದಾಗ ಅದೂ ತಗ್ಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಬಿ12 ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ, ಆದರೆ ಸಸ್ಯಾಹಾರಿಗಳಲ್ಲಿ ಆ ದಾಸ್ತಾನೇ ಕಡಿಮೆ. ಬಿ12 ಕಡಿಮೆಯಾದರೆ ಕೈಕಾಲು ಜುಮುಗುಡುವುದು ಒಂದೇ ಅಲ್ಲ, ಮರೆವು, ಸಿಡುಕು, ಖಿನ್ನತೆಯೂ ಬರುತ್ತವೆ. ಹೊಟ್ಟೆಯ ಡಾಕ್ಟರರು ಬೇರೆ, ಮನಸ್ಸಿನ ಡಾಕ್ಟರರು ಬೇರೆ ಎಂದು ನಾವು ಹಂಚಿಟ್ಟ ಕೆಲಸ ಇಲ್ಲಿ ಮುರಿದುಬೀಳುತ್ತದೆ. ಒಬ್ಬಳು ಸದಾ ಅಳುತ್ತಿದ್ದರೆ ಅದು ರಕ್ತದಲ್ಲಿನ ಕೊರತೆಯೋ, ಬದುಕಿನ ದುಃಖವೋ, ಎರಡೂ ಸೇರಿದ್ದೋ ಎಂದು ಇಬ್ಬರೂ ಕೂಡಿ ನೋಡದೆ ಗೊತ್ತಾಗುವುದಿಲ್ಲ. ಗುಳಿಗೆಗಳ ಮಾತೂ ಇದೆ. ಬೈಪಾಸ್ ಆದ ಮೇಲೆ ಖಿನ್ನತೆಯ ಕೆಲವು ಗುಳಿಗೆಗಳು ಮೊದಲಿನಷ್ಟು ರಕ್ತಕ್ಕೆ ಸೇರುವುದಿಲ್ಲ, ನಿಧಾನವಾಗಿ ಕರಗುವ ಗುಳಿಗೆಗಳು ಸರಿಯಾಗಿ ಕೆಲಸ ಮಾಡದೆ ಹೋಗಬಹುದು, ಲಿಥಿಯಮ್ ಏರಿ ವಿಷವಾಗಬಹುದು. ಮನೋವೈದ್ಯರಿಗೆ ಆಪರೇಷನ್ನಿನ ಸುದ್ದಿ, ಸರ್ಜನ್ನರಿಗೆ ಗುಳಿಗೆಯ ಸುದ್ದಿ ತಲುಪಿರಲೇಬೇಕು.

ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಬಿ1, ಥಯಾಮಿನ್. ದೇಹದಲ್ಲಿ ಅದು ಎರಡು ಮೂರು ವಾರಕ್ಕೆ ಸಾಲುವಷ್ಟೇ ಇರುತ್ತದೆ. ನಮ್ಮ ಕರಾವಳಿಯ ಹಿರಿಯರು ಕುಚ್ಚಲಕ್ಕಿ ಉಣ್ಣುತ್ತಿದ್ದರು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1 ಕಾಳಿನೊಳಕ್ಕೆ ಇಳಿಯುತ್ತದೆ. ಮುಂಬಯಿಗೆ ಬಂದ ಮೇಲೆ ನಮ್ಮ ಮಕ್ಕಳು ಪಾಲಿಶ್ ಮಾಡಿದ ಬಿಳಿ ಅಕ್ಕಿಗೆ ಒಗ್ಗಿಕೊಂಡರು. ಇರಲಿ. ಆಪರೇಷನ್ ಆದ ಕೆಲವು ವಾರಗಳಲ್ಲಿ ಕೆಲವರಿಗೆ ಬಿಡದೆ ವಾಂತಿಯಾಗುತ್ತದೆ. ನಾಲ್ಕು ದಿನ, ಹತ್ತು ದಿನ, ಅಷ್ಟರಲ್ಲಿ ಮೈಯಲ್ಲಿರುವ ಬಿ1 ಬತ್ತತೊಡಗುತ್ತದೆ. ಆಪರೇಷನ್ ಆದ ಆಸ್ಪತ್ರೆ ದೂರ, ಟ್ರಾಫಿಕ್ಕು, ಖರ್ಚು. ಮನೆಯವರು ಪಕ್ಕದ ಗಲ್ಲಿಯ ಡಾಕ್ಟರರ ಹತ್ತಿರ ಕರೆದೊಯ್ಯುತ್ತಾರೆ. ಬಾಯಿ ಒಣಗಿದೆ, ನಿತ್ರಾಣವಾಗಿದೆ, ಅವರು ಗ್ಲೂಕೋಸ್ ಡ್ರಿಪ್ ಹಾಕುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತಾರೆ. ಆದರೆ ಬಿ1 ತೀರ ಕಡಿಮೆಯಾದ ದೇಹಕ್ಕೆ ಗ್ಲೂಕೋಸ್ ಸುರಿದರೆ ಉಳಿದ ಚೂರು ಬಿ1 ಕೂಡ ಅದನ್ನು ಅರಗಿಸಲು ಖರ್ಚಾಗಿ, ಮಿದುಳಿಗೆ ಪೆಟ್ಟು ಬೀಳಬಹುದು. ಕಣ್ಣಿಗೆ ಎರಡೆರಡು ಕಾಣುತ್ತದೆ, ನಡೆಯುವಾಗ ತೂರಾಡುತ್ತಾರೆ, ಮಾತು ಗಲಿಬಿಲಿಯಾಗುತ್ತದೆ. ವರ್ನಿಕೆ ಎನ್ಸೆಫಲೋಪತಿ ಎಂದು ಅದರ ಹೆಸರು. ಹೊತ್ತಿಗೆ ಸರಿಯಾಗಿ ಹಿಡಿಯದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಇದನ್ನು ತಪ್ಪಿಸಲು ಬೇಕಾದದ್ದು ಗ್ಲೂಕೋಸಿಗೆ ಮೊದಲು ಥಯಾಮಿನ್ ಇಂಜೆಕ್ಷನ್. ದುಬಾರಿ ಔಷಧವೇನೂ ಅಲ್ಲ. ಡಿಸ್ಚಾರ್ಜ್ ಕಾಗದದ ಮೊದಲ ಸಾಲಿನಲ್ಲಿ, ದಪ್ಪಕ್ಷರದಲ್ಲಿ, ಮರಾಠಿ, ಹಿಂದಿ, ಕನ್ನಡದಲ್ಲಿ ಇದನ್ನು ಬರೆದುಕೊಡದೆ ರೋಗಿಯನ್ನು ಮನೆಗೆ ಕಳಿಸುವುದನ್ನು ನಾನು ಯಶಸ್ವಿ ಶಸ್ತ್ರಚಿಕಿತ್ಸೆ ಎಂದು ಕರೆಯಲಾರೆ.

ಇಷ್ಟೆಲ್ಲ ನಿಯಮಗಳನ್ನು ಎಲ್ಲಿ ಪಾಲಿಸಬೇಕು? ಸೆಂಟ್ರಲ್ ರೈಲ್ವೆಯಲ್ಲಿ. ಡೊಂಬಿವಲಿಯಿಂದ ಮುಂಬಯಿಯ ಕೊನೆಯ ಸ್ಟೇಷನ್ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲಿನ ದಾರಿ, ನಿಂತುಕೊಂಡೇ, ಕೈ ಎತ್ತಲೂ ಆಗದಷ್ಟು ನೂಕುನುಗ್ಗಲಿನಲ್ಲಿ. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ತಿನ್ನಿ, ಚೆನ್ನಾಗಿ ಅಗಿದು ಇಪ್ಪತ್ತು ನಿಮಿಷ ತಿನ್ನಿ, ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ ಎನ್ನುತ್ತಾರೆ. ಸಿಹಿಯೋ ಮೈದಾ ತಿಂಡಿಯೋ ಬೇಗ ತಿಂದುಬಿಟ್ಟರೆ ಅದು ಕರುಳಿಗೆ ಒಮ್ಮೆಲೇ ಇಳಿದು ಹತ್ತರಿಂದ ಮೂವತ್ತು ನಿಮಿಷದಲ್ಲಿ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ; ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಲೋಕಲ್ ಗಾಡಿಯಲ್ಲಿ ಶೌಚಾಲಯವಿಲ್ಲ. ಒಮ್ಮೆ ಮುಂಬ್ರಾದ ಹತ್ತಿರ ಆ ಸಂಕಟ ಅನುಭವಿಸಿದವರು ಮರುದಿನದಿಂದ ಮನೆ ಬಿಡುವ ಮೊದಲು ಏನನ್ನೂ ತಿನ್ನುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಥಾಣೆಯಲ್ಲಿ ಗಾಡಿ ಬದಲಾಯಿಸಿ ವಾಶಿ, ನೆರೂಳ್ ಕಡೆಯ ಆಫೀಸಿಗೆ ಹೋಗುವವರದೂ ಇದೇ ಪಾಡು. ಮಧ್ಯಾಹ್ನದವರೆಗೆ ಬರಿಹೊಟ್ಟೆ, ಆಮೇಲೆ ಹಸಿವು, ಸಕ್ಕರೆ ಇಳಿತ ಎರಡೂ ಒಟ್ಟಿಗೆ ಬಂದು ಕೈಗೆ ಸಿಕ್ಕಿದ ಬಿಸ್ಕತ್ತು. ಇದನ್ನು ಕಂಡ ಸಹೋದ್ಯೋಗಿ ಹೇಳುತ್ತಾರೆ: ಅಷ್ಟು ದುಡ್ಡು ಸುರಿದು ಆಪರೇಷನ್ ಮಾಡಿಸಿಕೊಂಡೂ ಬಿಸ್ಕತ್ತು ತಿನ್ನುತ್ತಾಳೆ ನೋಡಿ.

ನಾಲಿಗೆ ಚಪಲ ಎಂಬ ಆರೋಪ ಹೊರಿಸುವವರು ಒಂದು ಹಳೆಯ ಪ್ರಯೋಗವನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧಕ್ಕೆ ಹೋಗಲು ಒಪ್ಪದೆ, ಬದಲಿಗೆ ಈ ಸೇವೆಗೆ ಮುಂದೆ ಬಂದ, ಗಟ್ಟಿ ಮನಸ್ಸಿನ ಹುಡುಗರು ಅವರು. ಕೆಲವೇ ತಿಂಗಳಲ್ಲಿ ಖಿನ್ನರಾದರು, ಸಿಡುಕರಾದರು, ಗೆಳೆಯರಿಂದ ದೂರ ಸರಿದರು, ಹಗಲಿರುಳು ಊಟದ್ದೇ ಧ್ಯಾನ, ಅಡುಗೆ ಪುಸ್ತಕಗಳನ್ನು ಕೂಡಿಹಾಕಿದರು. ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 1,570 ಕ್ಯಾಲರಿ. ಬೇರಿಯಾಟ್ರಿಕ್ ಆದವರಿಗೆ ಮೊದಲ ತಿಂಗಳುಗಳಲ್ಲಿ ಅಷ್ಟೂ ದಕ್ಕುವುದಿಲ್ಲ. ಆಪರೇಷನ್ ಹಸಿವಿನ ಹಾರ್ಮೋನನ್ನೇ ತಗ್ಗಿಸುವುದರಿಂದ ಎರಡೂ ಒಂದೇ ಅಲ್ಲ, ಒಪ್ಪುತ್ತೇನೆ. ಆದರೆ ತಿನ್ನುವುದು ಕಡಿಮೆಯಾದಾಗ ಮನಸ್ಸು ಕದಡುವುದು ಬಲಹೀನರ ಲಕ್ಷಣ ಎಂಬ ಮಾತಿಗೆ ಆ 36 ಮಂದಿಯೇ ಉತ್ತರ.

ನಮ್ಮ ಸಮಾಜದಲ್ಲಿ ಊಟ ಎಂದರೆ ಸಂಬಂಧ. ಊರು ಬಿಟ್ಟು ಬಂದ ನಮಗೆ ಊರನ್ನು ಉಳಿಸಿಕೊಟ್ಟದ್ದು ಕೋರಿರೊಟ್ಟಿ, ಪತ್ರೊಡೆ, ಜೋಳದ ರೊಟ್ಟಿ. ಸಂಘದ ಸಭೆ, ಯಕ್ಷಗಾನ, ಸತ್ಯನಾರಾಯಣ ಪೂಜೆ, ಎಲ್ಲಕ್ಕೂ ಕೊನೆಯಲ್ಲಿ ಎಲೆ ಹಾಕುತ್ತೇವೆ. ಅಲ್ಲಿ ಎರಡು ತುತ್ತಿಗೆ ಕೈ ತೊಳೆಯುವವಳು ಇಡೀ ಪಂಕ್ತಿಯ ಕಣ್ಣಿಗೆ ಬೀಳುತ್ತಾಳೆ. ಅರಸಿನ ಕುಂಕುಮಕ್ಕೆ ಹೋದರೆ, ಎಷ್ಟು ತೆಳ್ಳಗಾದಿರಿ ಮಾರಾಯ್ರೆ, ಎಷ್ಟು ಕಿಲೋ, ಯಾವ ಡಾಕ್ಟರು. ಹೊಗಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಆ ಹೊಗಳಿಕೆಯ ಮುಂದೆ ನಿಂತು, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಹೇಗೆ ಹೇಳುವುದು? ದುಃಖವಾದಾಗ, ಗಂಡನೊಡನೆ ಜಗಳವಾದಾಗ, ತಿಂಗಳ ಕೊನೆಗೆ ದುಡ್ಡು ಸಾಲದಾದಾಗ, ಇಷ್ಟು ವರ್ಷ ಸಮಾಧಾನ ಕೊಟ್ಟದ್ದು ತಿಂಡಿ. ಅದನ್ನು ಒಂದೇ ದಿನದಲ್ಲಿ ಕಿತ್ತುಕೊಂಡು, ಅದರ ಜಾಗಕ್ಕೆ ಏನನ್ನೂ ಕೊಟ್ಟಿಲ್ಲ. ಹೊಟ್ಟೆಯ, ತೋಳಿನ ಚರ್ಮ ಜೋತುಬಿದ್ದಿದೆ. ಅದನ್ನು ಯಾವ ಫೋಟೋದಲ್ಲೂ ತೋರಿಸುವುದಿಲ್ಲ. ದಪ್ಪಗಿದ್ದಾಗ ಮಾತಾಡಿಸದ ನೆಂಟರು ಈಗ ಅಕ್ಕ ಅಕ್ಕ ಎನ್ನುತ್ತಾರೆ. ಆ ಪ್ರೀತಿ ತನಗೋ ತನ್ನ ತೂಕಕ್ಕೋ ಎಂಬ ಪ್ರಶ್ನೆ ಒಳಗೆ ಕೊರೆಯುತ್ತದೆ.

ಇಂಥ ಮಾತುಗಳನ್ನು ಆಡಲು ಒಂದು ಜಾಗ ಬೇಕು. ಈ ಪ್ರದೇಶಕ್ಕೆ ಆ ವಿಷಯದಲ್ಲಿ ಎರಡು ಬಗೆಯ ಪರಂಪರೆ ಇದೆ. ಥಾಣೆಯಲ್ಲಿ 1901ರಿಂದ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅದರ ದೆಸೆಯಿಂದ ಮುಂಬಯಿಯ ಆಡುಮಾತಿನಲ್ಲಿ ಥಾಣೆಗೆ ಕಳಿಸುವುದು ಎಂದರೆ ಹುಚ್ಚು ಎಂಬ ಬೈಗುಳವಾಗಿಬಿಟ್ಟಿದೆ. ಅದೇ ಥಾಣೆಯಲ್ಲಿ 1990ರಲ್ಲಿ ಡಾ. ಆನಂದ ನಾಡಕರ್ಣಿ ಇನ್‌ಸ್ಟಿಟ್ಯೂಟ್ ಫಾರ್ ಸೈಕಲಾಜಿಕಲ್ ಹೆಲ್ತ್ ಸ್ಥಾಪಿಸಿ, ಮನಸ್ಸಿನ ಆರೈಕೆಯನ್ನು ಆಸ್ಪತ್ರೆಯ ಗೋಡೆಯಿಂದ ಹೊರಗೆ, ಓಣಿಯ ಜನರ ಮಧ್ಯಕ್ಕೆ ತಂದರು. ನಮ್ಮ ಭಾಷೆಯಲ್ಲಿ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಅದೇ ಕೆಲಸವನ್ನು ಬರವಣಿಗೆಯಿಂದ ಮಾಡಿದರು. ಬೈಗುಳದ ಪರಂಪರೆಯನ್ನು ಬಿಟ್ಟು ಎರಡನೆಯದನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ದುಡ್ಡಿನ ವ್ಯವಸ್ಥೆಯೂ ಆಪರೇಷನ್ನಿಗೇ ಕೆಲಸ ಮುಗಿಯಿತು ಎಂಬ ತಪ್ಪು ನಂಬಿಕೆಯ ಮೇಲೆಯೇ ನಿಂತಿದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಆರೋಗ್ಯ ವಿಮೆಯ ಹೊರಗಿಡಿಕೆಗಳನ್ನು ಏಕರೂಪಗೊಳಿಸಿತು. ಅದರ ಆರನೆಯ ಸಂಕೇತದ ಪ್ರಕಾರ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಗಂಭೀರ ಕಾಯಿಲೆಗಳಿದ್ದರೆ, ಷರತ್ತುಗಳಿಗೆ ಒಳಪಟ್ಟು ಬೊಜ್ಜಿನ ಆಪರೇಷನ್ನನ್ನು ಹೊರಗಿಡುವಂತಿಲ್ಲ. ಒಳ್ಳೆಯದು. ಅದೇ ಪಟ್ಟಿಯ ಹದಿನಾಲ್ಕನೆಯ ಸಂಕೇತ ಓದಿ: ಚೀಟಿಯಿಲ್ಲದೆ ಕೊಳ್ಳಬಹುದಾದ ವಿಟಮಿನ್, ಖನಿಜಾಂಶ, ಆಹಾರ ಪೂರಕಗಳ ಖರ್ಚನ್ನು, ಆಸ್ಪತ್ರೆ ದಾಖಲಾತಿಯ ಭಾಗವಾಗಿ ಬರೆದುಕೊಟ್ಟದ್ದಲ್ಲದಿದ್ದರೆ, ಕೊಡಬೇಕಾಗಿಲ್ಲ. ಅಂದರೆ ವಿಟಮಿನ್ನಿನ ಹೀರಿಕೆಯನ್ನು ತಗ್ಗಿಸುವ ಆಪರೇಷನ್ನಿಗೆ ವಿಮೆ ಇದೆ, ಜೀವನಪೂರ್ತಿ ನುಂಗಬೇಕಾದ ವಿಟಮಿನ್ನಿಗೆ ಇಲ್ಲ. ಬಿ12, ಕಬ್ಬಿಣಾಂಶ, ವಿಟಮಿನ್ ಡಿ, ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ ಕ್ಯಾಲ್ಸಿಯಮ್, ಇವು ಆ ರೋಗಿಗೆ ಟಾನಿಕ್ಕಲ್ಲ, ಔಷಧ. ಮನಸ್ಸಿನ ವಿಷಯದಲ್ಲೂ ಹಾಗೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದಿದೆ. ಆದರೆ ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥದ್ದು. ವಾರಕ್ಕೊಮ್ಮೆ ಕೌನ್ಸೆಲಿಂಗಿಗೆ ಕೂರುವವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಇಷ್ಟು ಹೇಳಿದಾಗ ಎರಡು ಉತ್ತರ ಬರುತ್ತವೆ. ಒಂದು, ಆಪರೇಷನ್ನಿಗೆ ಮೊದಲೇ ಮನಃಶಾಸ್ತ್ರಜ್ಞರು ನೋಡಿರುತ್ತಾರಲ್ಲ ಎಂಬುದು. ನೋಡಿರುತ್ತಾರೆ, ಒಮ್ಮೆ, ಆಪರೇಷನ್ನಿಗೆ ಯೋಗ್ಯರೇ ಎಂದು ತಿಳಿಯಲು. ಒಂಟಾರಿಯೊದ ಅಧ್ಯಯನದಲ್ಲಿ ತಮಗೆ ತಾವೇ ಹಾನಿ ಮಾಡಿಕೊಂಡ ಪ್ರಸಂಗಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು, ಆಪರೇಷನ್ನಿನ ಹಿಂದಿನ ಐದು ವರ್ಷಗಳಲ್ಲಿ ಮಾನಸಿಕ ಕಾಯಿಲೆ ಇದೆ ಎಂದು ಗುರುತಿಸಲ್ಪಟ್ಟವರಲ್ಲೇ ನಡೆದಿದ್ದವು. ಯಾರ ಮೇಲೆ ಕಣ್ಣಿಡಬೇಕು ಎಂಬುದು ಮೊದಲೇ ಗೊತ್ತಿತ್ತು ಎಂದಾಯಿತು. ಆ ತಿಳಿವನ್ನು ಎರಡನೆಯ, ಮೂರನೆಯ ವರ್ಷಕ್ಕೆ ಒಯ್ಯದಿದ್ದರೆ ಮೊದಲಿನ ತಪಾಸಣೆ ಫೈಲಿನ ಒಂದು ಹಾಳೆ ಮಾತ್ರ.

ಇನ್ನೊಂದು, ರೋಗಿಗಳೇ ಫಾಲೋ-ಅಪ್ಪಿಗೆ ಬರುವುದಿಲ್ಲ ಎಂಬುದು. ಇದು ನಿಜ, ಮತ್ತು ಇದರ ಕಾರಣವೂ ಇಳಿದ ತೂಕವೇ ಗೆಲುವು ಎಂಬ ಅದೇ ನಂಬಿಕೆ. ಆಸ್ಪತ್ರೆಯ ಒಳಗೆ ಹೋದ ಕೂಡಲೆ ಮೊದಲು ಮಾಡಿಸುವುದು ತೂಕದ ಯಂತ್ರದ ಮೇಲೆ ನಿಲ್ಲುವ ಕೆಲಸ. ಮೂರು ಕಿಲೋ ಏರಿದವಳಿಗೆ ಅದು ಪರೀಕ್ಷೆಯಲ್ಲಿ ನಪಾಸಾದ ಹಾಳೆ ಹಿಡಿದು ಮಾಸ್ತರರ ಮುಂದೆ ನಿಂತ ಹಾಗೆ. ನೆರವು ಹೆಚ್ಚು ಬೇಕಾದವಳೇ ಮನೆಯಲ್ಲಿ ಉಳಿಯುತ್ತಾಳೆ. ಜೊತೆಗೆ ಒಂದು ದಿನದ ರಜೆ, ಫೀಸು, ರಿಕ್ಷಾ. ಆಸ್ಪತ್ರೆಯವರು ತಾವಾಗಿಯೇ ಫೋನು ಮಾಡಬೇಕು, ಆರು ತಿಂಗಳಿಗೊಮ್ಮೆಯಾದರೂ. ತೂಕ ಕೇಳುವ ಮೊದಲು ನಿದ್ದೆ, ಊಟ, ಮುಟ್ಟು, ಕುಡಿತ, ಬದುಕು ಬೇಡ ಎನಿಸುವ ಯೋಚನೆ, ಇವುಗಳ ಬಗ್ಗೆ ಕೇಳಬೇಕು. ಅಂಥ ಯೋಚನೆ ಈಗಲೇ ಬರುತ್ತಿರುವವರು ಯಾರ ಫೋನಿಗೂ ಕಾಯದೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. 2022ರಲ್ಲಿ ಶುರುವಾದ ಉಚಿತ ಸೇವೆ, ನಿಮ್ಹಾನ್ಸ್ ಅದರ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು.

ಉಳಿದದ್ದು ನಮ್ಮ ಸಂಘಗಳ ಪಾಲಿಗೆ. ಡೊಂಬಿವಲಿಯ ಕರ್ನಾಟಕ ಸಂಘಕ್ಕೆ ಮಂಜುನಾಥ ವಿದ್ಯಾಲಯದಂಥ ಸಂಸ್ಥೆಯನ್ನು ಕಟ್ಟಿ ನಡೆಸಿದ ಅನುಭವವಿದೆ. ವಾಶಿಯಲ್ಲಿ ಕನ್ನಡ ಸಂಘವಿದೆ, ಬಂಟರು, ಬಿಲ್ಲವರು, ಲಿಂಗಾಯತರು, ಜಿಎಸ್‌ಬಿಗಳು ತಮ್ಮ ತಮ್ಮ ಸಭಾಭವನಗಳಲ್ಲಿ ವರ್ಷವೂ ವೈದ್ಯಕೀಯ ಶಿಬಿರ ಮಾಡುತ್ತಾರೆ. ಬಿಪಿ, ಶುಗರ್, ಕಣ್ಣು ನೋಡುತ್ತಾರೆ. ಅದೇ ಮೇಜಿನಲ್ಲಿ ಹಿಮೋಗ್ಲೋಬಿನ್, ಬಿ12 ಕೂಡ ನೋಡಲಿ. ತಿಂಗಳಿಗೊಂದು ಶನಿವಾರ ಸಂಜೆ ಸ್ಟೇಷನ್ನಿಗೆ ಹತ್ತಿರದ ಒಂದು ಕೋಣೆಯಲ್ಲಿ ಆಪರೇಷನ್ ಆದವರು, ಆಗಬೇಕೆಂದಿರುವವರು, ಮನೆಯಲ್ಲಿ ಅಡುಗೆ ಮಾಡುವವರು ಒಟ್ಟಿಗೆ ಕೂರಲಿ. ನಮ್ಮಲ್ಲಿ ಡಯಟಿಶಿಯನ್ನರಾದ ಹೆಣ್ಣುಮಕ್ಕಳಿದ್ದಾರೆ, ಅವರಲ್ಲೊಬ್ಬರು ಬಂದು ಹುರುಳಿ, ಬೂತಾಯಿ, ಮೊಟ್ಟೆ, ಗಟ್ಟಿ ಮೊಸರಿನ ಲೆಕ್ಕದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಕೊಡಲಿ. ಸಂಕಷ್ಟಿಯ ದಿನ ಏನು ತಿನ್ನಬಹುದು ಎಂಬುದೂ ಅದರಲ್ಲಿರಲಿ. ಆ ಕೋಣೆಗೆ ತೂಕದ ಯಂತ್ರ ಬೇಕಾಗಿಲ್ಲ. ಥಯಾಮಿನ್ ವಿಷಯ ಬರೆದ ಚೀಟಿಗಳು ಬೇಕು, ಪ್ರತಿಯೊಬ್ಬರೂ ತಮ್ಮ ಓಣಿಯ ಡಾಕ್ಟರರಿಗೆ ಒಂದು ಕೊಡುವಷ್ಟು.